ದಾರ ಕಟ್ಟಿದ ಪ್ರೋಟೀನು, ಬಗ್ಗದ ಹೆಬ್ಬೆರಳು

ಫೆಬ್ರವರಿ 4

ಕತ್ತರಿ ಸಾರ್ವಭೌಮ, ಟೇಪು ಕಂಠಾಭರಣ, ಕಾಜ-ಗುಂಡಿ ಉಭಯಕುಲ ತಿಲಕರಾದ ನನ್ನ ಚಿಕ್ಕಪ್ಪನವರ ದಿವ್ಯ ಸನ್ನಿಧಾನಕ್ಕೆ,

ಸಮಸ್ತ ಪ್ರೋಟೀನು ಮಂಡಲದ ಪರವಾಗಿ ಈ ಕಿರಿಯ ಸಂಶೋಧಕಿ ಬರೆದು ಕಳಿಸುತ್ತಿರುವ ಫರ್ಮಾನು.

ನಿನ್ನೆ ನಮ್ಮ ಮೇಡಂ ನನ್ನನ್ನು ಕರೆದು ಒಂದು ಕಿಣ್ವವನ್ನು ನನ್ನ ಸುಪರ್ದಿಗೆ ಒಪ್ಪಿಸಿದರು. ಕಿಣ್ವ ಎಂದರೆ ದುಡಿಯುವ ಜಾತಿಯ ಪ್ರೋಟೀನು. ಇದರ ದುಡಿಮೆ ಏನು ಗೊತ್ತೆ? ಯೂರಿಕ್ ಆಮ್ಲವನ್ನು ಒಡೆದು ತೊಳೆದು ಹಾಕುವುದು! ತಮ್ಮ ಬಲಗೈ ಹೆಬ್ಬೆರಳಿನ ಬುಡದಲ್ಲಿ ಹರಳುಗಟ್ಟಿ ಕೂತು, ಕತ್ತರಿ ಹಿಡಿದಾಗಲೆಲ್ಲ ತಮ್ಮ ಬಾಯಿಂದ ಬರೆಯಲಾಗದ ಪದಗಳನ್ನು ಹೊರಡಿಸುತ್ತಿದೆಯಲ್ಲ, ಅದೇ ಯೂರಿಕ್ ಆಮ್ಲ. ಈ ಕಿಣ್ವ ಇಲಿಗೆ ಹುಟ್ಟಿನಿಂದಲೇ ಇದೆ. ತಮಗಿಲ್ಲ. ಇದರಿಂದ ತಮ್ಮ ಮನಸ್ಸಿಗೆ ನೋವಾದರೆ ಇಲಾಖೆ ಜವಾಬ್ದಾರಿಯಲ್ಲ.

ತೊಂದರೆ ಏನೆಂದರೆ ಇದು ಬಹಳ ಸುಕುಮಾರ. ರಕ್ತಕ್ಕೆ ಬಿಟ್ಟರೆ ದೇಹವೇ ಅದನ್ನು ಪರಕೀಯನೆಂದು ಹಿಡಿದು ಚಿಂದಿ ಮಾಡುತ್ತದೆ. ಸ್ವಲ್ಪ ಬಿಸಿ ತಾಕಿದರೆ ಮಡಿಕೆ ಬಿಚ್ಚಿಕೊಂಡು ಮುದ್ದೆಯಾಗುತ್ತದೆ. ಆದ್ದರಿಂದ ಅದರ ಮೈಗೆ ಪಾಲಿಮರ್ ಎಂಬ ಉದ್ದುದ್ದ ದಾರಗಳನ್ನು ಕಟ್ಟಿ ಕಾಪಾಡಬೇಕು. ದಾರದ ಕೆಲಸ ದರ್ಜಿಯ ಮನೆಯಲ್ಲಿ ಬೆಳೆದವಳಿಗೇ ಬಂದಿದೆ ನೋಡಿ!

ಆದಕಾರಣ ಅಪ್ಪಣೆ ಏನೆಂದರೆ: ಇಂದಿನಿಂದ ತಮ್ಮ ಹೆಬ್ಬೆರಳು ನಮ್ಮ ಇಲಾಖೆಯ ಆಸ್ತಿ. ನನ್ನ ಔಷಧಿ ಸಿದ್ಧವಾಗುವ ತನಕ ಬೇರೆ ಯಾವ ವೈದ್ಯನ ಮಾತ್ರೆ, ಮುಲಾಮು, ಮಂತ್ರ ಯಾವುದೂ ಅದನ್ನು ಮುಟ್ಟಕೂಡದು. ವರ್ಷ ಮುಗಿಯುವುದರೊಳಗೆ ತಮ್ಮ ಕೈಗೆ ಔಷಧಿ ಸೇರತಕ್ಕದ್ದು. ಪ್ರತಿಯಾಗಿ ತಾವು ನನಗೊಂದು ಬಿಳಿ ಲ್ಯಾಬ್ ಕೋಟು ಹೊಲಿದು ಕಪ್ಪವಾಗಿ ಒಪ್ಪಿಸತಕ್ಕದ್ದು. ಇಲ್ಲಿ ಕೊಟ್ಟಿರುವ ಕೋಟಿನೊಳಗೆ ನನ್ನಂಥವರು ಇಬ್ಬರು ಸಂಸಾರ ಮಾಡಬಹುದು.

(ಕೆಳಗಿನ ರಾಜಮುದ್ರೆ ಔಷಧಿ ಬಾಟಲಿಯ ಮುಚ್ಚಳದ್ದು. ಶಾಯಿ ಆರಿಲ್ಲ, ಹುಷಾರು.)

ತಮ್ಮ ಆಜ್ಞಾಪಕಿ

~

ಫೆಬ್ರವರಿ 20

ಲೇ ಕೋತಿ,

ಫರ್ಮಾನು ತಲುಪಿತು. ಶಾಯಿ ಆರಿರಲಿಲ್ಲ. ಗಿರಾಕಿಯ ಬಿಳಿ ಪ್ಯಾಂಟಿನ ಮೇಲೆ ನಿನ್ನ ರಾಜಮುದ್ರೆ ಬಿತ್ತು. ಅವನಿಗೆ ಏನು ಹೇಳಿದೆ ಅಂತ ಕೇಳಬೇಡ.

ಫೋನ್ ಮಾಡು ಮಾಡು ಅಂತೀಯ. ನನಗೆ ಆ ಪೆಟ್ಟಿಗೆ ಕಿವಿಗೆ ಇಟ್ಟರೆ ಬರೀ "ಹಾಂ ಹಾಂ" ಬರುತ್ತೆ, ಮಾತು ಬರಲ್ಲ. ಕಾಗದವೇ ಸರಿ. ನಿನ್ನ ಚಿಕ್ಕಮ್ಮ ಇಸ್ತ್ರಿ ಮಾಡ್ತಾ ಕೇಳ್ತಾಳೆ, ನಾನು ಗಟ್ಟಿಯಾಗಿ ಓದ್ತೀನಿ, ಇಬ್ಬರೂ ನಗ್ತೀವಿ.

ಅಪ್ಪಣೆ ಒಪ್ಪಿದ್ದೀನಿ. ಬೇರೆಯವರ ಮಾತ್ರೆ ಮುಟ್ಟಲ್ಲ. ಬೆರಳು ಸ್ವಲ್ಪ ಬಿಗಿ ಅಷ್ಟೇ, ಬೆಳಿಗ್ಗೆ ಹೊತ್ತು.

ಆದರೆ ಒಂದು ಕೇಳ್ತೀನಿ, ದರ್ಜಿಯಾಗಿ. ದಾರ ಕಟ್ಟಿದರೆ ಬಟ್ಟೆ ಎಳೆಯುತ್ತೆ. ಎಲ್ಲೋ ಒಂದು ಹೊಲಿಗೆ ಬಿಗಿಯಾದರೆ ಬೆನ್ನಿನ ಆ ಕಡೆ ಸುಕ್ಕು. ನಿನ್ನ ಪ್ರೋಟೀನಿಗೆ ಸುಕ್ಕು ಬೀಳಲ್ವಾ?

ಅಳತೆ ಕಳಿಸು. ಭುಜ, ಎದೆ, ತೋಳು. ಉಸಿರು ಬಿಗಿಹಿಡಿದು ಸಣ್ಣಗೆ ಕಾಣೋ ಹಾಗೆ ಅಳೆದರೆ ನನಗೆ ಗೊತ್ತಾಗುತ್ತೆ.

ಚಿಕ್ಕಪ್ಪ

~

ಮಾರ್ಚ್ 15

ಸಾರ್ವಭೌಮರೇ,

ತಮ್ಮ ಪ್ರಶ್ನೆಯನ್ನು ವಾರದ ಸಭೆಯಲ್ಲಿ ನನ್ನದೇ ಪ್ರಶ್ನೆ ಎಂಬಂತೆ ಗಂಭೀರವಾಗಿ ಮುಂದಿಟ್ಟೆ. ಮೇಡಂ ಕನ್ನಡಕ ಮೇಲೆತ್ತಿ, "ಭೇಷ್, ಇವತ್ತು ತಲೆ ಓಡಿದೆ" ಎಂದರು. ತಲೆ ಯಾರದ್ದು ಎಂದು ನಾನು ಹೇಳಲಿಲ್ಲ.

ಉತ್ತರ ಇದು. ಪ್ರೋಟೀನು ಮೊದಲು ಒಂದು ಉದ್ದನೆಯ ಸರ. ಅದು ತನ್ನಷ್ಟಕ್ಕೆ ತಾನೇ ಮಡಿಚಿಕೊಂಡು ಒಂದು ಆಕಾರಕ್ಕೆ ಬರುತ್ತದೆ, ಆ ಆಕಾರವೇ ಅದರ ಕಸುಬು. ಮೈಮೇಲೆ ಅಲ್ಲಲ್ಲಿ ಲೈಸಿನ್ ಎಂಬ ಕೊಕ್ಕೆಗಳಿವೆ. ನಮ್ಮ ದಾರ ಆ ಕೊಕ್ಕೆಗಳಿಗೇ ಸಿಕ್ಕಿಕೊಳ್ಳುವುದು. ದಾರಕ್ಕೆ ನೀರೆಂದರೆ ಪ್ರಾಣ. ತನ್ನ ಸುತ್ತ ನೀರನ್ನು ಹಿಡಿದುಕೊಂಡು ಮೋಡದ ಹಾಗೆ ಹಬ್ಬಿ ನಿಲ್ಲುತ್ತದೆ. ಒಳಗಿನ ಮಡಿಕೆ ಸಾಮಾನ್ಯವಾಗಿ ಹಾಗೇ ಇರುತ್ತದೆ, ಹೊರಗಿನಿಂದ ಕಡಿಯಲು ಬಂದವರಿಗೆ ಮಾತ್ರ ಮೋಡ ಅಡ್ಡ. ಎರಡು ಪ್ರೋಟೀನುಗಳು ತಬ್ಬಿಕೊಂಡು ಮುದ್ದೆಯಾಗುವುದೂ ತಪ್ಪುತ್ತದೆ. ಆದರೆ ತಾವು ಹೇಳಿದ ಹಾಗೆ, ಅತಿಯಾಗಿ ಕಟ್ಟಿದರೆ, ಕಟ್ಟಬಾರದ ಕಡೆ ಕಟ್ಟಿದರೆ ಸುಕ್ಕು ಬೀಳುವುದೂ ಉಂಟು. ನಮ್ಮದು ನಾಲ್ಕು ತುಂಡು ಸೇರಿ ಆದ ಕಿಣ್ವ, ತುಂಡುಗಳೇ ಬಿಟ್ಟುಕೊಂಡರೂ ಆಶ್ಚರ್ಯವಿಲ್ಲ.

ನಮ್ಮ ಕೆಲಸ ಮಾತ್ರ ರಾಜಠೀವಿಯಿಂದ ಸಾಗುತ್ತಿದೆ. ಮೊದಲಿನ ಕಿಣ್ವ ಐವತ್ತು ಡಿಗ್ರಿ ಬಿಸಿಗೆ ಕೈಚೆಲ್ಲುತ್ತಿತ್ತು. ದಾರ ಕಟ್ಟಿದ್ದು ಐವತ್ತೆಂಟರವರೆಗೂ ಮಡಿಕೆ ಬಿಚ್ಚದೆ ನಿಂತಿದೆ. ಸದ್ಯದಲ್ಲೇ ಡಂಗುರ.

ಅಳತೆ ಇನ್ನೊಂದು ಹಾಳೆಯಲ್ಲಿದೆ. ಉಸಿರು ಬಿಟ್ಟೇ ಅಳೆದಿದ್ದೇನೆ, ನನ್ನ ಸಂಶೋಧನೆಯ ಮೇಲಾಣೆ.

ಆಜ್ಞಾಪಕಿ

~

ಏಪ್ರಿಲ್ 28

ಮಗಳೇ,

ತಡವಾಯಿತು. ಕೋಟು ಕಳಿಸಿದ್ದೀನಿ. ಹಾಕ್ಕೊಂಡು ನೋಡು.

ಕೆಲಸ ಜಾಸ್ತಿ ಇದೆ. ಔಷಧಿ ಎಲ್ಲಿಗೆ ಬಂತು?

ಚಿಕ್ಕಪ್ಪ

~

ಮೇ 6

ಆರೋಪಿ ಚಿಕ್ಕಪ್ಪನವರಿಗೆ ಈ ಮೂಲಕ ನೋಟೀಸು,

ತಾವು ಕಳಿಸಿದ ಕೋಟಿನ ಎಡತೋಳು ಬಲತೋಳಿಗಿಂತ ಪೂರಾ ಎರಡು ಬೆರಳು ಉದ್ದವಾಗಿದೆ. ಕಾಲರಿನ ಒಂದು ಮೂಲೆ ಪೂರ್ವಕ್ಕೆ ಹೊರಟರೆ ಇನ್ನೊಂದು ಸುಮ್ಮನೆ ಕೂತಿದೆ. ಮೂವತ್ತು ವರ್ಷ ಕೋಟು ಕತ್ತರಿಸಿದ ಕೈ ತಪ್ಪುವುದಿಲ್ಲವಾದ್ದರಿಂದ, ಇದು ನನ್ನ ರಾಜಮುದ್ರೆ ಗಿರಾಕಿಯ ಪ್ಯಾಂಟು ಕೆಡಿಸಿದ್ದಕ್ಕೆ ತೀರಿಸಿಕೊಂಡ ಸೇಡು ಎಂದು ನ್ಯಾಯಾಲಯ ತೀರ್ಮಾನಿಸಿದೆ. ಶಾಭಾಷ್! ಹೊಟ್ಟೆ ಹಿಡಿದುಕೊಂಡು ನಕ್ಕೆ. ಲ್ಯಾಬಿನಲ್ಲಿ ಎಲ್ಲರಿಗೂ ತೋರಿಸಿದೆ. ಅದನ್ನೇ ಹಾಕಿಕೊಂಡು ಓಡಾಡುತ್ತಿದ್ದೇನೆ. ನಾನು ಕೈ ಎತ್ತಿದರೆ ಯಾರಿಗೂ ಗಾಂಭೀರ್ಯ ಉಳಿಯುವುದಿಲ್ಲ.

ಈಗ ನನ್ನ ತಪ್ಪೊಪ್ಪಿಗೆ. ಮಾರ್ಚಿನಲ್ಲಿ ರಾಜಠೀವಿ ಎಂದೆನಲ್ಲ, ಅರ್ಧ ಸತ್ಯ. ದಾರ ಕಟ್ಟಿದ ಕಿಣ್ವವನ್ನು ಮೈಶಾಖದಷ್ಟು ಬಿಸಿಯಲ್ಲಿ ಇಟ್ಟು ಕಾದೆ. ಒಂದು ವಾರ, ಎರಡು ವಾರ, ನಲವತ್ತು ದಿನ. ಕೆಡಲಿಲ್ಲ, ಮುದ್ದೆಯಾಗಲಿಲ್ಲ, ಮಡಿಕೆ ಮಿಸುಕಲಿಲ್ಲ. ಯೂರಿಕ್ ಆಮ್ಲ ಮುಂದಿಟ್ಟರೆ ಮಾತ್ರ ಮುಖ ತಿರುಗಿಸಿ ಕೂತಿತು. ದಾರಗಳು ಅದರ ಬಾಯಿಯ ಸುತ್ತಲೂ ಕಟ್ಟಿಕೊಂಡುಬಿಟ್ಟಿವೆ, ತುತ್ತು ಒಳಗೆ ಹೋಗಲು ದಾರಿಯೇ ಇಲ್ಲ. ಇಷ್ಟು ಆರೋಗ್ಯವಂತ ಸೋಮಾರಿಯನ್ನು ನಾನು ಜನ್ಮದಲ್ಲಿ ನೋಡಿಲ್ಲ.

ದಾರ ಕಡಿಮೆ ಕಟ್ಟಿದರೆ ದುಡಿಯುತ್ತದೆ, ಆದರೆ ನಾಲ್ಕೇ ದಿನದಲ್ಲಿ ಸಾಯುತ್ತದೆ. ಮೇಡಂ ಏನೂ ಬಯ್ಯಲಿಲ್ಲ, "ಮಳೆಗಾಲ ಮುಗಿಯುವ ತನಕ ನೋಡೋಣ" ಎಂದರು. ಬೈದಿದ್ದರೆ ಚೆನ್ನಾಗಿತ್ತು.

ಸೋತ ಆಜ್ಞಾಪಕಿ

~

ಮೇ 30

ಕೋತಿ,

ಸಿಕ್ಕಿಬಿದ್ದೆ ಅನ್ನು. ತೋಳಿನ ವಿಚಾರ ಅಲ್ಲಿಗೆ ಬಿಡು. ನೀನು ನಕ್ಕೆಯಲ್ಲ, ಸಾಕು.

ನಿನ್ನ ಸೋಮಾರಿಯ ಬಗ್ಗೆ ಒಂದು ವಾರ ಯೋಚನೆ ಮಾಡಿದೆ. ಕೋಟಿಗೆ ಲೈನಿಂಗ್ ಕೂರಿಸೋ ಮುಂಚೆ ನಾವು ಏನು ಮಾಡ್ತೀವಿ? ಜೇಬಿನ ಬಾಯಿಗೆ ದೊಡ್ಡ ದೊಡ್ಡದಾಗಿ ಕಚ್ಚಾ ಹೊಲಿಗೆ ಹಾಕಿ ಮುಚ್ಚಿಬಿಡ್ತೀವಿ. ಇಲ್ಲದಿದ್ದರೆ ಬಾಯಿ ಸೊಟ್ಟ ಆಗುತ್ತೆ, ಇಲ್ಲಾ ಲೈನಿಂಗಿನ ಜೊತೆ ಸೇರಿಕೊಂಡು ಪೂರಾ ಹೊಲಿದುಹೋಗುತ್ತೆ. ಎಲ್ಲ ಮುಗಿದು ಇಸ್ತ್ರಿ ಆದ ಮೇಲೆ ಆ ದಾರ ಒಂದು ಎಳೆತಕ್ಕೆ ಕೀಳ್ತೀವಿ. ಜೇಬು ಹೊಸದರ ಹಾಗೆ ಬಾಯಿ ಬಿಡುತ್ತೆ.

ನಿನ್ನದರ ಬಾಯಿಯನ್ನ ಮೊದಲು ಏನಾದರೂ ಕೊಟ್ಟು ಮುಚ್ಚಿಸೋಕೆ ಆಗಲ್ವಾ? ದಾರ ಕಟ್ಟು, ಆಮೇಲೆ ತೆಗಿ. ನಿನ್ನ ಚಿಕ್ಕಮ್ಮ ಅಂತಾಳೆ, "ಆ ವಿದ್ಯೆ ನಿಮ್ಮ ಬಾಯಿಗೂ ಇದ್ದಿದ್ದರೆ ಮನೆ ಶಾಂತವಾಗಿರ್ತಿತ್ತು."

ನಾನು ಓದಿದವನಲ್ಲ. ತಪ್ಪಿದ್ದರೆ ನಗು.

ಚಿಕ್ಕಪ್ಪ

~

ಜುಲೈ 22

ಡಂಗುರ! ಡಂಗುರ! ಸಮಸ್ತ ಪ್ರಜೆಗಳೂ ಅಂಗಡಿಯ ಕತ್ತರಿ, ಸೂಜಿ, ಇಸ್ತ್ರಿಪೆಟ್ಟಿಗೆಗಳೂ ಕಿವಿಗೊಟ್ಟು ಕೇಳುವುದು!

ಯೂರಿಕ್ ಆಮ್ಲದ ಹಾಗೇ ಕಾಣುವ, ಆದರೆ ಕಿಣ್ವಕ್ಕೆ ಜೀರ್ಣವಾಗದ ಒಂದು ಪುಟ್ಟ ವಸ್ತು ಇದೆ. ಅದನ್ನು ಕೊಟ್ಟೆ. ಊಟ ಸಿಕ್ಕಿತೆಂದು ಬಾಯಲ್ಲಿ ಕಚ್ಚಿಕೊಂಡು ಕೂತಿತು ಪೆದ್ದು. ಆ ಹೊತ್ತಿನಲ್ಲಿ ದಾರ ಕಟ್ಟಿದೆ. ಆಮೇಲೆ ಆ ವಸ್ತುವನ್ನು ತೊಳೆದು ತೆಗೆದೆ. ಬಾಯಿ ಬಿಟ್ಟಿತು, ಚಿಕ್ಕಪ್ಪ! ನೂರಕ್ಕೆ ಎಪ್ಪತ್ತರಷ್ಟು ಕಸುವು ಉಳಿದಿದೆ, ಮೂವತ್ತು ದಿನ ಬಿಸಿಯಲ್ಲಿಟ್ಟರೂ ಮುದ್ದೆಯಾಗಿಲ್ಲ. ಮೇಡಂ ಎರಡು ಸಲ ಅಳತೆ ಮಾಡಿಸಿ, ಮೂರನೆಯ ಸಲ ತಾವೇ ಮಾಡಿ, ಕೊನೆಗೆ ನನ್ನ ಭುಜ ತಟ್ಟಿದರು.

ಈ ಉಪಾಯ ಬೇರೆಯವರಿಗೂ ಬೇರೆ ಕಿಣ್ವಗಳಲ್ಲಿ ಹೊಳೆದಿತ್ತಂತೆ, ಪುಸ್ತಕದಲ್ಲಿದೆ, ನಾನು ಓದಿರಲಿಲ್ಲ. "ನಿನಗೆ ಎಲ್ಲಿ ಸಿಕ್ಕಿತು?" ಎಂದು ಮೇಡಂ ಕೇಳಿದರು. "ಲೈನಿಂಗಿನಲ್ಲಿ" ಎಂದೆ. ಅವರು ಅದೊಂದು ಪತ್ರಿಕೆಯ ಹೆಸರೆಂದುಕೊಂಡು ಬರೆದುಕೊಂಡರು.

ಗೆದ್ದ ಆಜ್ಞಾಪಕಿ

~

ಆಗಸ್ಟ್ 1

ಮಗಳೇ,

ನಿನ್ನ ಕಾಗದ ನಾಲ್ಕು ಸಲ ಓದಿದೆ. ಐದನೇ ಸಲ ಗಿರಾಕಿಗೆ ಓದಿ ಹೇಳಿದೆ, ಪ್ಯಾಂಟಿನವನಿಗೇ. ಅವನಿಗೂ ಖುಷಿಯಾಯಿತು.

ಹಾಗಾದರೆ ಯಾವಾಗ ಕಳಿಸ್ತೀಯ? ಬಾಟಲಿ ಒಡೆಯದ ಹಾಗೆ ಹತ್ತಿಯಲ್ಲಿ ಸುತ್ತು. ನುಂಗೋದಾ, ಹಚ್ಚೋದಾ? ಚುಚ್ಚೋದಾದರೂ ಸರಿ, ಸೂಜಿಗೆ ನಾನು ಹೆದರೋನಲ್ಲ. ವರ್ಷದ ಕೊನೆ ಅಂದಿದ್ದೆ, ಐದು ತಿಂಗಳು ಮುಂಚೆಯೇ ಮಾಡಿ ಮುಗಿಸಿದೆ. ನನ್ನ ಮಗಳು ಅಂದರೆ ಸುಮ್ಮನೇನಾ?

ಚಿಕ್ಕಪ್ಪ

(ಮಡಿಕೆಯ ಒಳಗೆ, ಚಿಕ್ಕಮ್ಮನ ಅಕ್ಷರದಲ್ಲಿ)

ಪುಟ್ಟಿ, ಲಕೋಟೆ ಅಂಟಿಸೋಕೆ ಅಂತ ನನ್ನ ಕೈಗೆ ಕೊಟ್ಟಿದ್ದಾರೆ, ಬೇಗ ಬರೀತೀನಿ. ಡಾಕ್ಟರು ಹೋದ ವರ್ಷ ದಿನಾ ನುಂಗೋ ಮಾತ್ರೆ ಬರೆದುಕೊಟ್ಟಿದ್ದರು. ನಿನ್ನ ಫರ್ಮಾನು ಬಂದ ದಿನವೇ ಡಬ್ಬಿ ಎತ್ತಿ ಬೀರುವಿನ ಮೇಲಿಟ್ಟರು. ನಾನು ಕೇಳಿದರೆ "ಅಪ್ಪಣೆಯಾಗಿದೆ" ಅಂತಾರೆ. ಈಗ ಹೆಬ್ಬೆರಳು ಬಗ್ಗೋದೇ ಇಲ್ಲ. ಬುಡದಲ್ಲಿ ಹುಣಸೆಬೀಜದಷ್ಟು ಗಂಟು. ಮಾರ್ಚಿಂದ ಎಡಗೈಯಲ್ಲಿ ಕತ್ತರಿಸ್ತಿದ್ದಾರೆ, ಬಲಗೈಯವರ ಕತ್ತರಿ ಎಡಗೈಗೆ ಕೂರಲ್ಲ, ಬಟ್ಟೆ ಓಡುತ್ತೆ. ನಿನ್ನ ಕೋಟಿನ ತೋಳು ತಮಾಷೆಗೆ ಮಾಡಿದ್ದಲ್ಲ ಕಣೇ. ಅದನ್ನ ಮೂರು ಸಲ ಬಿಚ್ಚಿ ಹೊಲಿದರು. ನೀನು ನಕ್ಕಿದ್ದನ್ನ ಓದಿ ಅವರೂ ನಕ್ಕರು, ಆಮೇಲೆ ಆವತ್ತೆಲ್ಲ ಕತ್ತರಿ ಮುಟ್ಟಲಿಲ್ಲ. ಕೋಟಿನ ಕೆಲಸ ಬರೋದು ನಿಂತಿದೆ. ನಾನು ಹೇಳಿದೆ ಅನ್ನಬೇಡ. ಅಂದರೂ ಪರವಾಗಿಲ್ಲ.

~

ಆಗಸ್ಟ್ 7

ಚಿಕ್ಕಪ್ಪ,

ಇವತ್ತು ಮೂರು ಸಲ ಫೋನ್ ಮಾಡಿದೆ. ಮೂರು ಸಲವೂ ನೀನು "ಹಾಂ ಹಾಂ, ಆರಾಮ್" ಎಂದು ಇಟ್ಟುಬಿಟ್ಟೆ. ಅದಕ್ಕೇ ಬರೆಯುತ್ತಿದ್ದೇನೆ. ಈ ಕಾಗದದಲ್ಲಿ ತಮಾಷೆ ಇಲ್ಲ. ಹುಡುಕಬೇಡ.

ನನ್ನ ಔಷಧಿ ನಿನ್ನ ಕೈಗೆ ಬರುವುದಿಲ್ಲ. ಈ ವರ್ಷ ಅಲ್ಲ, ಮುಂದಿನ ವರ್ಷವೂ ಅಲ್ಲ. ನನ್ನ ಹತ್ತಿರ ಇರುವುದು ಕಿರುಬೆರಳಿನಷ್ಟು ಗಾಜಿನ ಕೊಳವೆಯ ತಳದಲ್ಲಿ ನಾಲ್ಕು ಹನಿ. ಅದು ಇಲಿಗೆ ಹೋಗಬೇಕು, ಆಮೇಲೆ ಬೇರೆ ಪ್ರಾಣಿಗೆ, ಆಮೇಲೆ ಒಪ್ಪಿಗೆ ಕೊಟ್ಟ ಕೆಲವು ಜನಕ್ಕೆ. ಹತ್ತು ವರ್ಷ ಹಿಡಿಯಬಹುದು. ನಡುವೆ ಎಲ್ಲಾದರೂ ನಿಂತುಹೋಗಬಹುದು. ಕೆಲವರ ಮೈ ನಾವು ಕಟ್ಟಿದ ದಾರವನ್ನೇ ಶತ್ರು ಎಂದು ಗುರುತು ಹಿಡಿದುಬಿಡುತ್ತದೆ. ಈ ಜಾತಿಯ ಇಂಜೆಕ್ಷನ್ ಈಗಾಗಲೇ ಇದೆ, ಯಾವ ಮಾತ್ರೆಗೂ ಬಗ್ಗದವರಿಗೆ ಆಸ್ಪತ್ರೆಯಲ್ಲಿ ಕೂರಿಸಿ ಕೊಡುವಂಥದ್ದು. ನಾವು ಮಾಡುತ್ತಿರುವುದು ಫ್ರಿಜ್ ಇಲ್ಲದ ಕಡೆಯೂ ತಾಳಿಕೊಳ್ಳುವಂಥದ್ದು, ಅಷ್ಟೇ. ಇದೆಲ್ಲ ನನಗೆ ಫೆಬ್ರವರಿಯಲ್ಲೇ ಗೊತ್ತಿತ್ತು. ಫರ್ಮಾನು ಬರೆಯುವಾಗ ನಗು ಬರುತ್ತಿತ್ತು, ಅದಕ್ಕೇ ಬರೆದೆ. ನೀನೂ ನಗುತ್ತೀಯ, ಓದಿ ಮುಗಿಸಿ ಎಂದಿನ ಹಾಗೆ ಮಾತ್ರೆ ನುಂಗುತ್ತೀಯ ಎಂದುಕೊಂಡೆ. ಕೇಳಲಿಲ್ಲ. ಆರು ತಿಂಗಳಲ್ಲಿ ಒಂದು ಸಲವೂ ಕೇಳಲಿಲ್ಲ.

ಕೋಟನ್ನು ಇವತ್ತು ಮೇಜಿನ ಮೇಲೆ ಹಾಸಿ ನೋಡಿದೆ. ತೋಳಿನ ಹತ್ತಿರ ಬಿಚ್ಚಿ ಹೊಲಿದ ತೂತುಗಳು ಸಾಲಾಗಿ ಕಾಣುತ್ತವೆ. ಮೂರು ಸಾಲು. ನಿನ್ನ ಅಂಗಡಿಯ ಮೇಜಿನ ಕೆಳಗೆ ಕೂತು ಬೆಳೆದವಳು ನಾನು. ಅದು ನನಗೆ ಮೇ ತಿಂಗಳಲ್ಲೇ ಕಾಣಬೇಕಿತ್ತು.

ಬೀರುವಿನ ಮೇಲಿರುವ ಮಾತ್ರೆಯನ್ನು ನೀನೇ ಶುರುಮಾಡಬೇಡ. ಡಾಕ್ಟರ ಹತ್ತಿರ ಹೋಗು, ಸೋಮವಾರವೇ. ಎಷ್ಟು ತಿಂಗಳು ಬಿಟ್ಟೆ ಎಂದು ನಿಜ ಹೇಳು. ಬಯ್ಯುತ್ತಾರೆ. ನನ್ನ ಹೆಸರು ಹೇಳು, ನನಗೆ ಬಯ್ಯಲಿ.

ನಿನ್ನ ಮಗಳು

~

ಆಗಸ್ಟ್ 23

ಮಗಳೇ,

ಇದನ್ನು ಬರೀತಿರೋದು ನಿನ್ನ ಚಿಕ್ಕಮ್ಮ, ಹೇಳ್ತಿರೋದು ನಾನು. ಕೈ ಊದಿದೆ. (ನಾನು ಇವರು ಹೇಳಿದ್ದನ್ನು ಮಾತ್ರ ಬರೀತೀನಿ ಅಂತ ಒಪ್ಪಿಲ್ಲ. – ಚಿಕ್ಕಮ್ಮ)

ನಿನ್ನ ಕಾಗದ ಬಂದಾಗ ನಾನು ಗಟ್ಟಿಯಾಗಿ ಓದೋಕೆ ಶುರುಮಾಡಿದೆ. "ತಮಾಷೆ ಇಲ್ಲ, ಹುಡುಕಬೇಡ" ಅಂತ ಬಂದಾಗ ಇಬ್ಬರೂ ನಕ್ಕುಬಿಟ್ಟೆವು, ಎಂಥ ಗಂಭೀರ ಸೋಗು ಹಾಕಿದ್ದಾಳೆ ಅಂತ. ಮುಂದಿನ ಸಾಲಲ್ಲಿ ಬರುತ್ತೆ ಅಂತ ಕಾದೆ. ಬರಲಿಲ್ಲ. ಆಮೇಲೆ ಮನಸ್ಸಿನಲ್ಲೇ ಓದಿದೆ.

ಸೋಮವಾರ ಹೋದೆವು. (ಮಂಗಳವಾರ. ಸೋಮವಾರ ಅಂಗಡಿ ಬಾಗಿಲಲ್ಲಿ ಕೂತು ಏಳಲೇ ಇಲ್ಲ.) ಡಾಕ್ಟರು ಬಯ್ದರು. ನಿನ್ನ ಹೆಸರು ಹೇಳಲಿಲ್ಲ. ಯಾಕೆ ಅಂದರೆ ಅದು ನಿಜ ಅಲ್ಲ.

ಕೇಳು. ಹೋದ ವರ್ಷ ಮಾತ್ರೆ ಶುರುಮಾಡಿದ ಹದಿನೈದು ದಿನಕ್ಕೆ ನೋವು ಕಮ್ಮಿಯಾಗೋ ಬದಲು ಉರಿದುಬಂತು. ಕಾಲಿನ ಬೆರಳಿಗೂ ಬಂತು. ಯಾರಿಗೂ ಹೇಳಲಿಲ್ಲ. ಈ ಮಾತ್ರೆಯಿಂದಲೇ ಕೈ ಹೋಗುತ್ತೆ ಅಂತ ಹೆದರಿದೆ. ಬಿಡೋಕೆ ಒಂದು ನೆಪ ಬೇಕಿತ್ತು. ಅಷ್ಟರಲ್ಲಿ ನಿನ್ನ ಫರ್ಮಾನು ಬಂತು. ನಾನೇನು ಅಷ್ಟು ದಡ್ಡನಾ, ಮುಚ್ಚಳದ ಮುದ್ರೆ ನಂಬೋಕೆ? ಮೊದಮೊದಲು ನಂಬಿದ ಹಾಗೆ ಮಾಡಿದೆ. ಬೆರಳು ಗಟ್ಟಿಯಾಗ್ತಾ ಹೋದ ಹಾಗೆ ನಿಜವಾಗಿಯೂ ನಂಬಿಬಿಟ್ಟೆ. ಬೇರೆ ಏನು ಮಾಡಲಿ?

(ಇದನ್ನು ನನಗೂ ಇವತ್ತೇ ಹೇಳಿದ್ದು. ಬರೀತಾ ಬರೀತಾ ಪೆನ್ನು ಕೆಳಗಿಟ್ಟು ಜಗಳ ಆಡಿದ್ದೀನಿ. ಅದಕ್ಕೇ ಇಲ್ಲಿಂದ ಶಾಯಿ ಬೇರೆ.)

ಡಾಕ್ಟರು ಅಂದರು, ಹಳೇ ಹರಳು ಕರಗೋಕೆ ಶುರುವಾದಾಗ ಹಾಗೆ ಉರಿಯುತ್ತಂತೆ. ಅದು ಮಾತ್ರೆ ಕೆಲಸ ಮಾಡ್ತಿರೋ ಗುರುತಂತೆ. ಆ ಉರಿ ತಡೆಯೋಕೆ ಇನ್ನೊಂದು ಸಣ್ಣ ಮಾತ್ರೆ ಜೊತೆಗೆ ಕೊಟ್ಟಿದ್ದಾರೆ, ಕೆಲವು ತಿಂಗಳ ಮಟ್ಟಿಗೆ. ಒಂದು ಮಾತು ಕೇಳಿದ್ದರೆ ಹೋದ ವರ್ಷವೇ ಕೊಡ್ತಿದ್ದರು. ನಾನೂ ಕೇಳಲಿಲ್ಲ.

ಬೆರಳು ಎಷ್ಟು ವಾಪಸ್ ಬರುತ್ತೆ ಅಂದರೆ ಅವರು ಹೇಳಲಿಲ್ಲ. ಗಂಟು ಸಣ್ಣದಾಗುತ್ತಂತೆ. ಕೀಲು ಸವೆದಿದ್ದರೆ ಸವೆದದ್ದೇ.

ನೀನು ನಗಿಸೋದನ್ನ ಬಿಡಬೇಡ. ಕೊನೆಯ ಕಾಗದದಂಥದ್ದು ಇನ್ನೊಂದು ಬಂದರೆ ನನಗೆ ತಡೆಯೋಕೆ ಆಗಲ್ಲ.

ಚಿಕ್ಕಪ್ಪ (ಮತ್ತು ಚಿಕ್ಕಮ್ಮ)

~

ಸೆಪ್ಟೆಂಬರ್ 2

ಚಿಕ್ಕಪ್ಪ, ಚಿಕ್ಕಮ್ಮ,

ನಾಲ್ಕು ಸಲ ಬರೆದು ಹರಿದೆ. ನಗಿಸಲು ಹೊರಟರೆ ನಾಚಿಕೆ, ಅಳಲು ಹೊರಟರೆ ನಿನಗೆ ಆಗುವುದಿಲ್ಲ. ಆದ್ದರಿಂದ ಬರೀ ಸಮಾಚಾರ: ಶನಿವಾರ ಬರುತ್ತೇನೆ, ಮೂರು ದಿನ ಇರುತ್ತೇನೆ. ಎರಡೂ ಮಾತ್ರೆಗಳ ಡಬ್ಬಿ ನನ್ನ ಕಣ್ಣ ಮುಂದಿರಬೇಕು. ಕತ್ತರಿಸಬೇಕಾದ ಬಟ್ಟೆ ಇದ್ದರೆ ಎತ್ತಿಡಿ. ಚಿಕ್ಕಮ್ಮ ಕತ್ತರಿ ಹಿಡಿಯಲಿ, ನೀನು ಗೆರೆ ಹೇಳು, ನಾನು ಬಟ್ಟೆ ಓಡದ ಹಾಗೆ ಅದುಮಿ ಹಿಡಿಯುತ್ತೇನೆ.

ನಿನ್ನ ಮಗಳು

~

ನವೆಂಬರ್ 30

ಲೇ ಕೋತಿ,

ಅಕ್ಷರ ನೋಡಿದೆಯಾ? ನನ್ನದೇ. ಪೆನ್ನು ಇನ್ನೂ ಮುಷ್ಟಿಯಲ್ಲೇ ಹಿಡೀತೀನಿ, ಮಕ್ಕಳ ಹಾಗೆ.

ಗಂಟು ಅರ್ಧ ಇಳಿದಿದೆ. ಹೆಬ್ಬೆರಳು ಅರ್ಧ ಬಗ್ಗುತ್ತೆ. ಇನ್ನರ್ಧ ಬಗ್ಗಲ್ಲ ಅಂತ ಡಾಕ್ಟರು ಈಗ ಬಾಯಿಬಿಟ್ಟು ಹೇಳಿದ್ದಾರೆ. ಸರಿ ಅಂದೆ. ಕೋಟು ನಿನ್ನ ಚಿಕ್ಕಮ್ಮನೇ ಕತ್ತರಿಸ್ತಾಳೆ, ನಾನು ಪಕ್ಕದಲ್ಲಿ ನಿಂತು ಉಪದೇಶ ಮಾಡ್ತೀನಿ. ಬಾಯಿ ಮುಚ್ಚಿ ಅಂತಾಳೆ. ಹೋದ ವಾರ ಒಬ್ಬ ಕೋಟು ಹಾಕ್ಕೊಂಡು, ಕನ್ನಡಿ ನೋಡಿ, ಒಂದು ಮಾತೂ ಆಡದೆ ಅದನ್ನೇ ಹಾಕ್ಕೊಂಡು ಹೊರಟುಹೋದ. ಅವಳಿಗೆ ಅರ್ಥವಾಗಲಿಲ್ಲ, ಬೇಜಾರು ಮಾಡಿಕೊಂಡಳು. ನಾನು ಹೇಳಿದೆ, ಹುಚ್ಚಿ, ಇದಕ್ಕಿಂತ ದೊಡ್ಡ ಹೊಗಳಿಕೆ ನಮ್ಮ ಕಸುಬಿನಲ್ಲಿಲ್ಲ ಅಂತ.

ನಿನ್ನ ನಾಲ್ಕು ಹನಿ ಇಲಿಯ ತನಕ ಹೋಯಿತಾ? ಹೋದರೆ ಬರಿ, ನಿಂತರೂ ಬರಿ.

ನಿನ್ನೆ ಬೆಳಿಗ್ಗೆ ಹೆಬ್ಬೆರಳು ಕತ್ತರಿಯ ಹಿಡಿಯೊಳಗೆ ಹೋಯಿತು, ನೋವಿಲ್ಲದೆ. ಉಳಿಕೆ ಬಟ್ಟೆ ತಗೊಂಡು ಒಂದು ಗೆರೆ ಎಳೆದು ಕತ್ತರಿಸಿದೆ, ಒಂದು ಮೊಳ, ಬಲಗೈಯಲ್ಲಿ. ಆ ತುಂಡನ್ನ ಇದರ ಜೊತೆ ಇಟ್ಟಿದ್ದೀನಿ. ಅಂಚು ಬೆಳಕಿಗೆ ಹಿಡಿದು ನೋಡು, ಗೆರೆ ಬಿಟ್ಟು ಎಲ್ಲೂ ಕದಲಿಲ್ಲ. ಕೊನೆಯ ನಾಲ್ಕು ಬೆರಳಷ್ಟು ಮಾತ್ರ ಸೊಟ್ಟಗಿದೆ. ಅದಕ್ಕೆ ಕೈ ಕಾರಣ ಅಂದುಕೊಳ್ಳಬೇಡ. ಅಷ್ಟು ಹೊತ್ತಿಗೆ ನಿನ್ನ ಚಿಕ್ಕಮ್ಮ ಇಸ್ತ್ರಿಪೆಟ್ಟಿಗೆ ಕೆಳಗಿಟ್ಟು ಅಳೋಕೆ ಶುರುಮಾಡಿದಳು, ನಾನು ಅವಳನ್ನ ನೋಡ್ತಾ ಕತ್ತರಿಸಿದೆ.

ಚಿಕ್ಕಪ್ಪ